ತಗಡು ಬಿಚ್ಚಿದ ಮೇಲೆ ಇನ್ನೂ ಬೇಗ ಕಾದ ಇಂಜಿನ್: ಒಂದು ಪ್ರಕರಣ

ಜೂನ್ ತಿಂಗಳು ಬಂತೆಂದರೆ ನನ್ನ ರಿಪೇರಿ ಅಂಗಡಿಗೆ ಬರುವ ಫೋನ್‌ಗಳು ಹೆಚ್ಚು ಕಮ್ಮಿ ಒಂದೇ ಥರ. "ಇಂಜಿನ್ ನಿಂತೋಯ್ತು. ಕೊನೆಗಾರ ಮರದ ಮೇಲಿದ್ದಾನೆ. ಎಷ್ಟೊತ್ತಿಗೆ ಬರ್ತೀರಿ?" ಮಲೆನಾಡಿನ ಅಡಿಕೆ ತೋಟದವರಿಗೆ ಅದು ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲ. ಮಳೆ ಎರಡು ದಿನ ಬಿಡುವು ಕೊಟ್ಟರೆ ಆ ಎರಡು ದಿನದಲ್ಲೇ ಕೆಲಸ ಮುಗಿಯಬೇಕು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಸಿಗುವುದೇ ಕಷ್ಟ. ಸಿಕ್ಕ ದಿನ ಇಂಜಿನ್ ಮುನಿಸಿಕೊಂಡರೆ ಯಜಮಾನರ ಬಿಪಿ ಏರದೆ ಇರುತ್ತಾ?

ಇದು ಔಷಧಿ ಪಂಪ್ ಓಡಿಸುವ ಅಂಥ ಒಂದು ಇಂಜಿನ್ನಿನ ಕಥೆ. ಊರು, ಹೆಸರು, ಕಂಪನಿ ಯಾವುದನ್ನೂ ಬರೆದಿಲ್ಲ. ಇದರಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನು ಮಾತ್ರ ಬಿಟ್ಟಿಲ್ಲ.

ಹಿನ್ನೆಲೆ

ಮೂರು ಎಕರೆ ತೋಟ. ನಾಲ್ಕು ವರ್ಷ ಹಳೆಯ ಪೆಟ್ರೋಲ್ ಇಂಜಿನ್. 196 ಸಿಸಿ, ಒಂದೇ ಸಿಲಿಂಡರ್, ಫೋರ್ ಸ್ಟ್ರೋಕ್, 6.5 ಎಚ್‌ಪಿ, ಗಾಳಿಯಿಂದ ತಣಿಯುವಂಥದ್ದು. ಕಬ್ಬಿಣದ ಫ್ರೇಮಿನ ಮೇಲೆ ಇಂಜಿನ್ ಒಂದು ಕಡೆ, ಔಷಧಿಯನ್ನು ಜೋರು ಒತ್ತಡದಲ್ಲಿ ತಳ್ಳುವ ಎಚ್‌ಟಿಪಿ ಪಂಪ್ ಇನ್ನೊಂದು ಕಡೆ, ನಡುವೆ ಬೆಲ್ಟ್. ಪಕ್ಕದಲ್ಲೇ ಡ್ರಮ್ಮು. ಅದರಲ್ಲಿ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ. ಅಲ್ಲಿಂದ ಉದ್ದದ ಪೈಪು ತೋಟದೊಳಕ್ಕೆ ಹೋಗಿ ಮರದ ತುದಿಯಲ್ಲಿರುವ ಕೊನೆಗಾರನ ಕೈಯಲ್ಲಿ ಕೊನೆಯಾಗುತ್ತದೆ.

ಮಳೆಗಾಲ ಜೋರಾಗುವ ಮುಂಚೆ ಒಂದು ಸಲ, ಆಮೇಲೆ 40–45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯುವುದು ವಾಡಿಕೆ. ಅಂದರೆ ಈ ಇಂಜಿನ್ ವರ್ಷದಲ್ಲಿ ಬಹುಪಾಲು ಸುಮ್ನೆ ಮೂಲೆಯಲ್ಲಿ ಕೂತಿರುತ್ತದೆ. ಕೆಲಸ ಬಂದ ದಿನ ಮಾತ್ರ ಬೆಳಗ್ಗೆಯಿಂದ ಸಂಜೆವರೆಗೆ ದುಡಿಯಬೇಕು. ಮೊದಲ ಮೂರು ವರ್ಷ ಅದು ಹಾಗೇ ದುಡಿದಿತ್ತು.

ತೊಂದರೆ

ನಾಲ್ಕನೇ ವರ್ಷ ಮೊದಲ ದಿನವೇ ಎಡವಟ್ಟು. ಹಗ್ಗ ಎಳೆದರೆ ಒಂದೇ ಸಲಕ್ಕೆ ಸ್ಟಾರ್ಟ್. ಇಪ್ಪತ್ತು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ಸದ್ದು ಬದಲಾಗುತ್ತದೆ, ಒಳಗೆ ಟಣ್ ಟಣ್ ಅನ್ನುತ್ತದೆ, ಪ್ರೆಶರ್ ಇಳಿಯುತ್ತದೆ, ನಿಂತೇ ಹೋಗುತ್ತದೆ. ಅರ್ಧ ಗಂಟೆ ಬಿಟ್ಟು ಎಳೆದರೆ ಏನೂ ಆಗಿಲ್ಲದ ಹಾಗೆ ಮತ್ತೆ ಸ್ಟಾರ್ಟ್.

"ಬಿಸಿಯಾದರೆ ನಿಲ್ಲುತ್ತದೆ, ತಣ್ಣಗಾದರೆ ಓಡುತ್ತದೆ" ಅನ್ನುವ ದೂರು ಕೇಳಲು ಸುಲಭ, ಬಿಡಿಸಲು ಕಷ್ಟ. ಯಾಕೆಂದರೆ ಇದೇ ವೇಷದಲ್ಲಿ ಬರುವ ಕಾಯಿಲೆಗಳು ಕನಿಷ್ಠ ನಾಲ್ಕಿವೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಹೋಗಲು ಒಂದು ಸಣ್ಣ ತೂತು ಇರುತ್ತದೆ. ಅದು ಕಟ್ಟಿದ್ದರೆ ಟ್ಯಾಂಕಿನೊಳಗೆ ನಿರ್ವಾತವಾಗಿ ಪೆಟ್ರೋಲ್ ಇಳಿಯುವುದಿಲ್ಲ, ಹದಿನೈದು ಇಪ್ಪತ್ತು ನಿಮಿಷಕ್ಕೆ ನಿಲ್ಲುತ್ತದೆ. ಇಗ್ನಿಷನ್ ಕಾಯಿಲ್ ಹಾಳಾಗುತ್ತಿದ್ದರೆ ಬಿಸಿಯಾದಾಗ ಕಿಡಿ ಸಾಯುತ್ತದೆ, ತಣ್ಣಗಾದರೆ ಮತ್ತೆ ಬರುತ್ತದೆ. ಟ್ಯಾಪೆಟ್ ಸೆಟ್ಟಿಂಗ್, ಅಂದರೆ ವಾಲ್ವ್ ಹಿಗ್ಗಲು ಬಿಡುವ ಸಣ್ಣ ಸಂದಿ, ಬಿಗಿಯಿದ್ದರೆ ಬಿಸಿಗೆ ವಾಲ್ವ್ ಹಿಗ್ಗಿ ಪೂರ್ತಿ ಮುಚ್ಚುವುದಿಲ್ಲ, ಸಿಲಿಂಡರಿನೊಳಗಿನ ಒತ್ತಡ (ಕಂಪ್ರೆಷನ್) ಹೋಗುತ್ತದೆ. ನಾಲ್ಕನೆಯದು ನಿಜವಾಗಿಯೂ ಇಂಜಿನ್ ಮಿತಿಮೀರಿ ಕಾಯುವುದು. ನಿಂತ ಆ ಕ್ಷಣದಲ್ಲೇ ಪರೀಕ್ಷೆ ಮಾಡಿದರೆ ಮಾತ್ರ ಯಾವುದು ಅಂತ ಗೊತ್ತಾಗುತ್ತದೆ. ಅಂಗಡಿಗೆ ಹೊತ್ತು ತರುವಷ್ಟರಲ್ಲಿ ತಣ್ಣಗಾಗಿರುತ್ತದೆ, ಸಾಕ್ಷಿಯೂ ಹೋಗಿರುತ್ತದೆ.

ಮೊದಲು ಮಾಡಿ ನೋಡಿದ್ದು

ಯಜಮಾನರು ಮೊದಲು ಹತ್ತಿರದ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದರು. ಅವರು ಕಾರ್ಬುರೇಟರ್ ತೊಳೆದರು, ಪ್ಲಗ್ ಬದಲಿಸಿದರು, ಕಾಯಿಲ್ಲನ್ನೂ ಹೊಸದು ಹಾಕಿದರು. ನಾಲ್ಕು ಸಾವಿರದ ಹತ್ತಿರ ಬಿಲ್ ಆಯಿತು. ಇಂಜಿನ್ ಮತ್ತೆ ಇಪ್ಪತ್ತು ನಿಮಿಷಕ್ಕೇ ನಿಂತಿತು.

ಎರಡನೇ ಸಲ ಅವರಿಗೆ ಇದು ಹೀಟ್ ಅಂತ ಹೊಳೆಯಿತು. ಹೊಳೆದದ್ದು ಸರಿ. ಮಾಡಿದ್ದು ಮಾತ್ರ ಉಲ್ಟಾ. ಇಂಜಿನ್ನನ್ನು ಮುಚ್ಚಿದ್ದ ಫ್ಯಾನ್ ಕವರನ್ನೂ ಸಿಲಿಂಡರಿನ ಅಡಿಗಿದ್ದ ಸಣ್ಣ ತಗಡನ್ನೂ ಬಿಚ್ಚಿ ಪಕ್ಕಕ್ಕಿಟ್ಟರು. ಹಗ್ಗ ಎಳೆಯುವ ರೀಲ್ ಆ ಕವರಿಗೇ ಜೋಡಿಸಿರುವುದರಿಂದ, ಇಂಜಿನ್ ಜೊತೆ ತಿರುಗುವ ಭಾರದ ಚಕ್ರದ, ಅಂದರೆ ಫ್ಲೈವೀಲಿನ, ಕಪ್ಪಿಗೆ ಹಗ್ಗ ಸುತ್ತಿ ಕೈಯಿಂದಲೇ ಎಳೆಯಿರಿ ಅಂದರು. "ಗಾಳಿ ಆಡಲಿ ಬಿಡಿ" ಅಂದರಂತೆ. ಆಗ ಇಂಜಿನ್ ಹನ್ನೆರಡು ನಿಮಿಷಕ್ಕೇ ನಿಂತಿತು.

ಮನೆಯವರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಯಜಮಾನರ ಮಗ ಮನೆಯಿಂದ ಟೇಬಲ್ ಫ್ಯಾನ್ ತಂದು ಎದುರಿಗಿಟ್ಟ. ಆಳು ಒಬ್ಬ ಗೋಣಿಚೀಲ ನೆನೆಸಿ ಇಂಜಿನ್ ಮೇಲೆ ಹೊದಿಸಿದ. ಚುಂಯ್ ಅಂತ ಹಬೆ ಎದ್ದಿತು, ಎಲ್ಲರಿಗೂ ಸಮಾಧಾನವಾಯಿತು. ಕಾದ ಲೋಹಕ್ಕೆ ಒಂದೇ ಕಡೆ ನೀರು ಬಿದ್ದರೆ ಅಲ್ಲಿ ಮಾತ್ರ ಕುಗ್ಗಿ, ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ ಸೊಟ್ಟಗಾಗುವ ಅಥವಾ ಬಿರುಕು ಬಿಡುವ ಅಪಾಯ ಇದೆ. ಜೊತೆಗೆ ಆ ಗೋಣಿಯೇ ಗಾಳಿಗೆ ಅಡ್ಡ. ಅದೃಷ್ಟಕ್ಕೆ ಈ ಇಂಜಿನ್ ಒಡೆಯಲಿಲ್ಲ.

ತಗಡು ಯಾಕೆ ಬೇಕು

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಡೀ ಪ್ರಕರಣದ ಗಂಟು ಇರುವುದೇ ಇಲ್ಲಿ.

ಇಂಥ ಇಂಜಿನ್ 3600 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 3600 ಸುತ್ತು, ಓಡುವಾಗ ಎರಡು ಸುತ್ತಿಗೊಮ್ಮೆಯಂತೆ ಸಿಲಿಂಡರಿನೊಳಗೆ ಸೆಕೆಂಡಿಗೆ 30 ಸಲ ಪೆಟ್ರೋಲ್ ಉರಿಯುತ್ತದೆ. ಉರಿಯುವ ಕ್ಷಣದಲ್ಲಿ ಒಳಗಿನ ಬಿಸಿ 2000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ. ಹಾಗಿದ್ದರೂ ಪಿಸ್ಟನ್ ಯಾಕೆ ಕರಗುವುದಿಲ್ಲ ಅಂದರೆ, ಪ್ರತಿ ಉರಿಯೂ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುತ್ತದೆ, ಲೋಹಕ್ಕೆ ಹತ್ತಿದ ಬಿಸಿಯನ್ನು ಯಾರೋ ಒಬ್ಬರು ಹೊರಗೆ ಸಾಗಿಸುತ್ತಲೇ ಇರುತ್ತಾರೆ. ಪೆಟ್ರೋಲಿನ ಶಾಖದಲ್ಲಿ ಸುಮಾರು ಕಾಲು ಭಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ಸೈಲೆನ್ಸರಿನಲ್ಲಿ ಹೋಗುತ್ತದೆ, ಇನ್ನೊಂದು ಪಾಲು ಸಿಲಿಂಡರಿನ ಗೋಡೆ ಮತ್ತು ಹೆಡ್ ಮೂಲಕ ಹೊರಬರಬೇಕು. ಕಾರಿನಲ್ಲಾದರೆ ನೀರು ಒಯ್ಯುತ್ತದೆ. ಇಲ್ಲಿ ಒಯ್ಯಬೇಕಾದದ್ದು ಗಾಳಿ.

ಬಿಸಿ ಹೊರುವುದರಲ್ಲಿ ಗಾಳಿ ಬಡಪಾಯಿ. ಅದಕ್ಕೇ ಸಿಲಿಂಡರ್ ಮತ್ತು ಹೆಡ್ ಸುತ್ತ ಫಿನ್ ಅಂತ ಕರೆಯುವ ಲೋಹದ ರೆಕ್ಕೆಗಳು. ಬಿಸಿ ಗಂಜಿಯನ್ನು ಪಾತ್ರೆಯಲ್ಲಿಟ್ಟರೆ ಆರುವುದಿಲ್ಲ, ತಟ್ಟೆಗೆ ಹರಡಿದರೆ ಬೇಗ ಆರುತ್ತದೆ ಅಲ್ವಾ? ಲೋಹವನ್ನೂ ಹಾಗೇ ಹರಡಿದ್ದಾರೆ. ಹೆಚ್ಚು ಮೈ, ಹೆಚ್ಚು ಗಾಳಿ ಸೋಕುತ್ತದೆ.

ಬೈಕಿನಲ್ಲಿ ಗಾಡಿ ಓಡುವುದರಿಂದಲೇ ಗಾಳಿ ಬೀಸುತ್ತದೆ, ಅದಕ್ಕೇ ಅದರ ಇಂಜಿನ್ ಬಯಲಲ್ಲಿರುತ್ತದೆ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತರೆ ಕಾಲಿಗೆ ಬಿಸಿ ಹೊಡೆಯುವುದೂ ಇದಕ್ಕೇ. ಸ್ಕೂಟರಿನ ಇಂಜಿನ್ ಬಾಡಿಯೊಳಗೆ ಅಡಗಿರುತ್ತದೆ. ಗಾಳಿಯಿಂದ ತಣಿಯುವ ಸ್ಕೂಟರುಗಳಲ್ಲಿ ಅದಕ್ಕೆಂದೇ ಒಂದು ಫ್ಯಾನೂ ಸುತ್ತ ಕವರೂ ಇರುತ್ತದೆ. ನೆಲದ ಮೇಲೆ ಕೂತೇ ದುಡಿಯುವ ನಮ್ಮ ಪಂಪಿನ ಇಂಜಿನ್‌ದೂ ಸ್ಕೂಟರಿನ ಜಾತಿ. ಅದರ ಫ್ಲೈವೀಲಿಗೇ ಎಲೆಗಳಿರುವ ಫ್ಯಾನ್ ಸೇರಿಸಿರುತ್ತಾರೆ. ಹಗ್ಗ ಎಳೆಯುವ ಕಡೆಯ ಜಾಲರಿಯಿಂದ ಅದು ಗಾಳಿ ಎಳೆದುಕೊಳ್ಳುತ್ತದೆ.

ಈಗ ಮುಖ್ಯ ವಿಷಯ. ಈ ಫ್ಯಾನು ನಮ್ಮ ಟೇಬಲ್ ಫ್ಯಾನಿನ ಹಾಗೆ ಮುಂದಕ್ಕೆ ಬೀಸುವುದಿಲ್ಲ. ನಡುವಿನಿಂದ ಎಳೆದು ಅಂಚಿನ ಸುತ್ತ ಎಲ್ಲ ದಿಕ್ಕಿಗೂ ಎಸೆಯುತ್ತದೆ. ಹೀಗೆ ಎಸೆದ ಗಾಳಿಯನ್ನು ಹಿಡಿದು, ತಿರುಗಿಸಿ, ರೆಕ್ಕೆಗಳ ಸಂದಿಗೆ ನುಗ್ಗಿಸುವುದು ಆ ತಗಡಿನ ಕವರ್. ಕವರ್ ಇಲ್ಲದಿದ್ದರೆ ಗಾಳಿ ಯಾವ ಕಡೆ ಸಲೀಸೋ ಆ ಕಡೆ ಹೋಗುತ್ತದೆ. ಸಂದಿ ಸಲೀಸಲ್ಲ. ಸೌದೆ ಒಲೆ ಉರಿಸಿದವರಿಗೆ ಇದು ಗೊತ್ತು. ಊದುಗೊಳವೆ ಇಲ್ಲದೆ ದೂರದಿಂದ ಬಾಯಲ್ಲಿ ಊದಿದರೆ ಬೂದಿ ಹಾರುತ್ತದೆಯೇ ಹೊರತು ಕೆಂಡ ಕೆಂಪಾಗುವುದಿಲ್ಲ. ಬಾಯಿ ಅದೇ, ಉಸಿರೂ ಅದೇ. ಕೊಳವೆ ಇದ್ದರೆ ಮಾತ್ರ ಕೆಂಡಕ್ಕೆ ತಾಗುತ್ತದೆ.

ಅಡಿಯ ತಗಡಿನ ಕೆಲಸವೂ ಅದೇ. ಗಾಳಿ ಒಂದು ಕಡೆಯಿಂದ ಹೊಡೆದರೆ ಸಿಲಿಂಡರಿನ ಹಿಂಬದಿ ಮರೆಯಲ್ಲಿ ಉಳಿಯುತ್ತದೆ. ಅಲ್ಲಿಗೂ ಗಾಳಿ ಸುತ್ತಿಕೊಂಡು ಹೋಗಲಿ ಅಂತ ಆ ತುಂಡು. ಎರಡು ಬೋಲ್ಟಿನ ಈ ತಗಡನ್ನು "ಎಕ್ಸ್‌ಟ್ರಾ" ಅಂತ ಡಬ್ಬಿಗೆ ಹಾಕಿಬಿಡುವವರು ನಮ್ಮಲ್ಲಿ ಜಾಸ್ತಿ.

ನನ್ನ ಕೈಗೆ ಬಂದಾಗ

ಮೂರನೇ ದಿನ ಇಂಜಿನ್ ನನ್ನ ಅಂಗಡಿಗೆ ಬಂತು. ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಬಿಚ್ಚಿದ ಕವರ್. ಅಡಿಯ ತಗಡು ಇರಲಿಲ್ಲ, ಕಳೆದುಹೋಗಿತ್ತು.

ಆಯಿಲ್ ಕಡ್ಡಿ ನೋಡಿದೆ. ಬಸಿದು ಅಳೆದರೆ 600 ಮಿಲಿ ಇರಬೇಕಾದಲ್ಲಿ 400 ಇತ್ತು. ಕಪ್ಪಗೆ, ಸೀದ ವಾಸನೆ. ಇಂಥ ಇಂಜಿನ್‌ನಲ್ಲಿ ಆಯಿಲ್ ಜಾರಿಸುವುದಕ್ಕಷ್ಟೇ ಅಲ್ಲ, ಪಿಸ್ಟನ್ನಿನ ಬಿಸಿ ಇಳಿಸುವುದಕ್ಕೂ ಬೇಕು. ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣ ಇರಬೇಕು, ಬೆಳ್ಳಗೆ ಸುಟ್ಟಿತ್ತು.

ಆಮೇಲೆ ರೆಕ್ಕೆಗಳು. ಟಾರ್ಚ್ ಹಿಡಿದು ನೋಡಿದರೆ ಹೆಡ್ಡಿನ ಅರ್ಧಕ್ಕಿಂತ ಹೆಚ್ಚು ಸಂದಿಗಳಲ್ಲಿ ಆಚೆ ಬೆಳಕು ಕಾಣುತ್ತಿರಲಿಲ್ಲ. ಬಿದಿರಿನ ಸೀಳು ಹಾಕಿ ಕೆರೆದೆ. ಮೊದಲು ಬಂದದ್ದು ನೀಲಿ ಹೊಪ್ಪಳೆ. ಡ್ರಮ್ಮಿನಿಂದ ಸಿಡಿದ ಬೋರ್ಡೋ, ನಾಲ್ಕು ವರ್ಷದ್ದು, ಎಣ್ಣೆ ಜಿಡ್ಡಿನ ಮೇಲೆ ಕೂತು ಗಾರೆಯಾಗಿತ್ತು. ಅದರ ಹಿಂದೆ ಕೆಂಪು ಮಣ್ಣು. ಒಡೆದರೆ ಒಳಗೆ ಒಣಗಿದ ಹುಳು, ಜೇಡದ ಕಾಲು. ಕುಂಬಾರ ಹುಳುವಿನ ಗೂಡು! ಹತ್ತು ತಿಂಗಳು ಸುಮ್ಮನೆ ಕೂತ ಇಂಜಿನ್ ಅದಕ್ಕೆ ಒಳ್ಳೆ ಬಾಡಿಗೆ ಮನೆ. ಎಲ್ಲ ಸೇರಿಸಿದರೆ ಅರ್ಧ ಲೋಟ ಕಸ ಆಯಿತು. ಹೊಪ್ಪಳೆ ಎದ್ದ ಜಾಗದಲ್ಲಿ ಅಲ್ಯೂಮಿನಿಯಂ ಮೇಲೆ ಸಣ್ಣ ಸಣ್ಣ ಕುಳಿ ಬಿದ್ದಿತ್ತು. ಸುಣ್ಣ ಕಮ್ಮಿಯಾದ ದ್ರಾವಣಕ್ಕೆ ಕತ್ತಿ ಅದ್ದಿದರೆ ಕೆಂಪಾಗುತ್ತದೆ ಅಂತ ತೋಟದವರೆಲ್ಲ ಪರೀಕ್ಷೆ ಮಾಡುತ್ತಾರಲ್ಲ, ಕತ್ತಿಗೆ ಹತ್ತುವ ತಾಮ್ರ ಅಲ್ಯೂಮಿನಿಯಂನೂ ಬಿಡುವುದಿಲ್ಲ.

ರೆಕ್ಕೆ ತೊಳೆದೆ, ಹೊಸ ಆಯಿಲ್ ಹಾಕಿದೆ, ಕವರ್ ಕೂರಿಸಿದೆ. ಅಡಿಯ ತಗಡು ಗುಜರಿ ಇಂಜಿನ್ ಒಂದರಿಂದ ಸಿಕ್ಕಿತು. ಅಂಗಡಿ ಮುಂದೆ ನಲವತ್ತು ನಿಮಿಷ ಓಡಿಸಿದೆ. ಒಂದು ಸಲವೂ ನಿಲ್ಲಲಿಲ್ಲ. "ತಗೊಂಡು ಹೋಗಿ" ಅಂದೆ.

ಮರುದಿನ ಹನ್ನೊಂದು ಗಂಟೆಗೆ ಫೋನ್. "ಮಾರಾಯ್ರೆ, ಮೂವತ್ತೈದು ನಿಮಿಷಕ್ಕೆ ನಿಂತಿತು."

ನನ್ನ ತಪ್ಪು ಇದೇ. ಅಂಗಡಿಯಲ್ಲಿ ಪಂಪ್ ಇಲ್ಲದೆ, ಲೋಡ್ ಇಲ್ಲದೆ, ಬಯಲಲ್ಲಿ ಓಡಿಸಿದ್ದೆ. ಲೋಡ್ ಇಲ್ಲದ ಇಂಜಿನ್ ಕಮ್ಮಿ ಪೆಟ್ರೋಲ್ ಸುಡುತ್ತದೆ, ಕಮ್ಮಿ ಕಾಯುತ್ತದೆ. ಆದರೆ ಫ್ಯಾನ್ ಮಾತ್ರ ಪೂರ್ತಿ ವೇಗದಲ್ಲೇ ತಿರುಗುತ್ತದೆ. ಅಂಥ ಪರೀಕ್ಷೆಯಲ್ಲಿ ಯಾವ ಇಂಜಿನ್ ಆದರೂ ಪಾಸ್. ಇಪ್ಪತ್ತು ಮೂವತ್ತೈದಾಗಿದ್ದು ಸುಧಾರಣೆಯೇ, ಆದರೆ ಕೊನೆಗಾರನಿಗೆ ಅದನ್ನು ಹೇಳಿ ಏನು ಪ್ರಯೋಜನ?

ತೋಟಕ್ಕೆ ಹೋದಾಗ

ಬೈಕ್ ಹತ್ತಿ ತೋಟಕ್ಕೆ ಹೋದೆ. ಮೊದಲೇ ಹೋಗಬೇಕಿತ್ತು.

ಇಂಜಿನ್ ನಿಲ್ಲುವವರೆಗೆ ಕಾದೆ. ನಿಂತ ಕೂಡಲೇ ಒಂದೊಂದಾಗಿ ನೋಡಿದೆ. ಟ್ಯಾಂಕ್ ಮುಚ್ಚಳ ತೆಗೆದರೆ ಗಾಳಿ ಎಳೆದುಕೊಂಡ ಸದ್ದು ಬರಲಿಲ್ಲ, ತೂತು ಸರಿಯಿದೆ. ಟೆಸ್ಟರ್ ಹಾಕಿ ಹಗ್ಗ ಎಳೆದರೆ ಕಿಡಿ ಚೆನ್ನಾಗಿದೆ. ಹಗ್ಗ ಹಗುರವಾಗಿ ಬಂದಿದ್ದರೆ ವಾಲ್ವ್ ಮೇಲೆ ಅನುಮಾನ ಬರುತ್ತಿತ್ತು. ಅದು ಉಲ್ಟಾ, ಒಂದು ಕ್ಷಣ ಕಚ್ಚಿ ಹಿಡಿದ ಹಾಗೆ ಬಿಗಿಯಾಗಿ ಬಂತು. ಪಿಸ್ಟನ್ ಹಿಗ್ಗಿ ಬೋರನ್ನು, ಅಂದರೆ ಸಿಲಿಂಡರಿನ ಒಳಗೋಡೆಯನ್ನು, ಉಜ್ಜುತ್ತಿದೆ. ಅಂದರೆ ನಿಜವಾದ ಹೀಟ್.

ರೆಕ್ಕೆ ಚೊಕ್ಕ, ತಗಡು ಇದೆ, ಆಯಿಲ್ ಹೊಸದು. ಮತ್ತೆ ಹೀಟ್ ಎಲ್ಲಿಂದ? ಆಗ ಕೇಳಿದೆ: "ಹೋದ ವರ್ಷಕ್ಕೂ ಈ ವರ್ಷಕ್ಕೂ ಏನು ಬದಲಾಗಿದೆ?"

ಇಂಜಿನ್‌ಗೆ ಏನೂ ಆಗಿಲ್ಲ ಅಂದರು. ಸ್ವಲ್ಪ ಹೊತ್ತಾದ ಮೇಲೆ ಮಗ ಹೇಳಿದ, "ಈ ಶೆಡ್ಡು ಹೊಸದು."

ಮೊದಲು ಇಂಜಿನ್ ಮರದಡಿ ತೆರೆದ ಜಾಗದಲ್ಲಿ ಇರುತ್ತಿತ್ತಂತೆ. ಮಳೆಗೆ ನೆನೆಯಬಾರದು ಅಂತ ಕಾಳಜಿಯಿಂದಲೇ ಮೂರು ಕಡೆ ತಗಡು ಹೊಡೆದು ಸಣ್ಣ ಶೆಡ್ ಕಟ್ಟಿದ್ದರು. ಡ್ರಮ್ ಹತ್ತಿರ ಬೇಕು ಅಂತ ಇಂಜಿನ್ನನ್ನು ಒಳಮೂಲೆಗೆ ತಳ್ಳಿದ್ದರು. ಜಾಲರಿಗೂ ಗೋಡೆಗೂ ನಾಲ್ಕು ಬೆರಳು ಜಾಗ. ಆಚೆ ಕಡೆ ಸೈಲೆನ್ಸರ್ ಬಾಯಿ ಎದುರು ತಗಡಿಗೆ ಊದುತ್ತಿತ್ತು.

ಗಾಳಿ ಹೇಗೆ ಹೋಗುತ್ತಿದೆ ಅಂತ ನೋಡೋಣ ಅಂದೆ. "ಊದುಬತ್ತಿ ತರಲಾ?" ಅಂದರು ಯಜಮಾನರು. ಪೆಟ್ರೋಲ್ ಪಕ್ಕದಲ್ಲಿ ಬೇಡ ಅಂತ ಒಂದು ಕೋಲಿಗೆ ಹತ್ತಿ ನೂಲು ಕಟ್ಟಿಸಿಕೊಂಡೆ. ಇಂಜಿನ್ ಓಡುವಾಗ ರೆಕ್ಕೆಗಳಿಂದ ಹೊರಬರುವ ಕಡೆ ಹಿಡಿದರೆ ನೂಲು ತಗಡಿಗೆ ಬಡಿದು, ಮೇಲೆದ್ದು, ಇಂಜಿನ್ನಿನ ತಲೆ ಮೇಲಿಂದ ವಾಪಸ್ ಜಾಲರಿ ಕಡೆಗೇ ಬಾಗಿತು. ಉಗುಳಿದ್ದನ್ನೇ ಮತ್ತೆ ನುಂಗುತ್ತಿತ್ತು. ಥರ್ಮಾಮೀಟರ್ ಇಟ್ಟರೆ ಜಾಲರಿಯ ಬಾಯಲ್ಲಿ 58 ಡಿಗ್ರಿ. ಹೊರಗೆ 27. ಟೇಬಲ್ ಫ್ಯಾನೂ ಅದೇ ತಪ್ಪು ಕಡೆ ನಿಂತು, ಹೊರಬರುವ ಬಿಸಿಗಾಳಿಗೆ ಎದುರಾಗಿ ಬೀಸಿ ಅದನ್ನು ಒಳಕ್ಕೇ ತಳ್ಳುತ್ತಿತ್ತು.

ಬಂದೂಕಿನ ಆಕಾರದ ಇನ್ಫ್ರಾರೆಡ್ ಮೀಟರ್ ನನ್ನ ಹತ್ತಿರ ಇದೆ. ಒಂದು ಎಚ್ಚರಿಕೆ: ಹೊಳೆಯುವ ಅಲ್ಯೂಮಿನಿಯಂಗೆ ಅದನ್ನು ಹಿಡಿದರೆ ಕಮ್ಮಿ ತೋರಿಸಿ ಮೋಸ ಮಾಡುತ್ತದೆ. ಪ್ಲಗ್ಗಿನ ಬುಡದಲ್ಲಿ ಬಿಸಿ ತಡೆಯುವ ಕಪ್ಪು ಪೇಂಟ್ ಒಂದು ಚುಕ್ಕೆ ಹಚ್ಚಿ, ಅಲ್ಲಿಗೆ ಹಿಡಿದೆ. ಶೆಡ್ಡಿನೊಳಗೆ ಲೋಡಿನಲ್ಲಿ ಅರ್ಧ ಗಂಟೆ ಕಳೆದಾಗ 238 ಡಿಗ್ರಿ, ಇನ್ನೂ ಏರುತ್ತಿತ್ತು.

ಎರಡು ನಿರ್ಧಾರ

ಶೆಡ್ಡಿಗೆ ಕಿಟಕಿ ಕೊರೆಯೋಣ, ಎಕ್ಸಾಸ್ಟ್ ಫ್ಯಾನ್ ಹಾಕೋಣ ಅಂತ ಮಗ ಹೊರಟ. ನಾನು ಬೇಡ ಅಂದೆ. ನಾಲ್ಕು ಜನ ಸೇರಿ ಫ್ರೇಮ್ ಎತ್ತಿ ಬಾಗಿಲಿಗೆ ತಂದೆವು. ಜಾಲರಿ ಹೊರಗಿನ ತಂಪು ಗಾಳಿಯ ಕಡೆ, ಸುತ್ತ ಮೂರು ಅಡಿ ಬಿಡುವು. ಸೈಲೆನ್ಸರ್ ಬಾಯಿ ಅಡ್ಡಕ್ಕೆ, ಹೊರಕ್ಕೆ. ಮೇಲೆ ಮಳೆಗೆ ಎತ್ತರದಲ್ಲಿ ಒಂದು ಶೀಟು ಮಾತ್ರ. ಡ್ರಮ್ ಆರು ಅಡಿ ದೂರ ಹೋಯಿತು. ಪೈಪು ಸ್ವಲ್ಪ ಉದ್ದ ಬೇಕಾಯಿತು, ಸಿಡಿಯುವ ಬೋರ್ಡೋ ಮಾತ್ರ ಇಂಜಿನ್‌ಗೆ ತಾಗುವುದು ನಿಂತಿತು. ಖರ್ಚು ಆ ಪೈಪಿನದ್ದಷ್ಟೇ.

ಒಂದು ಗಂಟೆ ಲೋಡಿನಲ್ಲಿ ಓಡಿದ ಮೇಲೆ ಅದೇ ಕಪ್ಪು ಚುಕ್ಕೆಯಲ್ಲಿ 185 ಡಿಗ್ರಿ. ಅಲ್ಲಿಗೇ ನಿಂತಿತು, ಏರಲಿಲ್ಲ.

ಎರಡನೇ ನಿರ್ಧಾರಕ್ಕೆ ಸ್ವಲ್ಪ ಧೈರ್ಯ ಬೇಕಿತ್ತು. ಅಷ್ಟು ಸಲ ಕಾದು ನಿಂತ ಇಂಜಿನ್‌ನಲ್ಲಿ ಪಿಸ್ಟನ್‌ಗೆ ಗೀರು ಬಿದ್ದಿರುವುದು ಖಂಡಿತ. ಪುಸ್ತಕದ ಪ್ರಕಾರ ಕೂಡಲೇ ಬಿಚ್ಚಬೇಕು. ಬಿಚ್ಚಿದರೆ ಪಾರ್ಟ್ಸ್ ಬರಲು ಮೂರ್ನಾಲ್ಕು ದಿನ, ಅಷ್ಟರಲ್ಲಿ ಮಳೆ ಹಿಡಿದರೆ ತೋಟಕ್ಕೆ ಕೊಳೆ. ಹೊಗೆ ನೀಲಿಯಿಲ್ಲ, ತಣ್ಣಗಿದ್ದಾಗ ಕಂಪ್ರೆಷನ್ ಚೆನ್ನಾಗಿದೆ. "ಈ ಸೀಸನ್ ಮುಗಿಸಿ, ಆಮೇಲೆ ಬಿಚ್ಚೋಣ. ಆದರೆ ನನ್ನ ಮಾತು ಕೇಳಬೇಕು" ಅಂದೆ. ದಿನಾ ಬೆಳಗ್ಗೆ ಆಯಿಲ್ ನೋಡಬೇಕು. ಒಂದೂವರೆ ಗಂಟೆಗೊಮ್ಮೆ ಬಿಡುವು ಕೊಡಬೇಕು. ನಿಲ್ಲಿಸುವ ಮುಂಚೆ ಎರಡು ಮೂರು ನಿಮಿಷ ಲೋಡ್ ತೆಗೆದು ಸ್ಲೋ ಬಿಡಬೇಕು. ಓಡುತ್ತಾ ಇದ್ದದ್ದನ್ನು ಗಪ್ಪಂತ ಆಫ್ ಮಾಡಿದರೆ ಫ್ಯಾನೂ ನಿಲ್ಲುತ್ತದೆ, ಒಳಗಿನ ಬಿಸಿ ಅಲ್ಲೇ ಕೂರುತ್ತದೆ.

ಇನ್ನೊಂದು ವಿಷಯಕ್ಕೆ ಯಜಮಾನರು ನನ್ನ ಜೊತೆ ವಾದಕ್ಕೇ ಇಳಿದರು. ಇಂಜಿನ್‌ಗೆ ಆಯಾಸ ಆಗದಿರಲಿ ಅಂತ ಅವರು ರೇಸ್ ಕಮ್ಮಿ ಇಟ್ಟು, ಪಂಪಿನ ಪ್ರೆಶರ್ ಜಾಸ್ತಿ ತಿರುಗಿಸಿ ಹೊಡೆಸುತ್ತಿದ್ದರು. ಎತ್ತಿನ ಗಾಡಿಗೆ ಆ ಲೆಕ್ಕ ಸರಿ. ಇಲ್ಲಿ ಫ್ಯಾನ್ ಇಂಜಿನ್ನಿನ ವೇಗಕ್ಕೇ ಕಟ್ಟುಬಿದ್ದಿದೆ. ರೇಸ್ ಇಳಿಸಿದರೆ ಗಾಳಿಯೂ ಇಳಿಯುತ್ತದೆ, ಲೋಡ್ ಮಾತ್ರ ಹಾಗೇ ಉಳಿಯುತ್ತದೆ. ಕರುಣೆ ತೋರಿಸುವುದಿದ್ದರೆ ಪ್ರೆಶರ್ ಇಳಿಸಿ, ರೇಸ್ ಇಳಿಸಬೇಡಿ ಅಂದೆ. ಒಪ್ಪಿದರೋ ಇಲ್ಲವೋ, ಹಾಗೇ ಮಾಡಿದರು.

ಆಮೇಲೆ

ಮೊದಲ ಸಲದ ಔಷಧಿ ಐದು ದಿನ ತಡವಾಗಿ ಮುಗಿಯಿತು. ಎರಡನೇ ಸಲ, ಆಗಸ್ಟಿನಲ್ಲಿ, ಇಂಜಿನ್ ಒಮ್ಮೆಯೂ ತಾನಾಗಿ ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ಬಿಚ್ಚಿದೆ. ಸೈಲೆನ್ಸರ್ ಕಡೆಯ ಪಿಸ್ಟನ್ ಮೈಯಲ್ಲಿ ಉದ್ದುದ್ದ ಗೀರುಗಳು, ಬೆಕ್ಕು ಪರಚಿದ ಹಾಗೆ. ಬೋರಿನಲ್ಲಿ ಉಗುರಿಗೆ ಸಿಗುವಷ್ಟು ಆಳ ಇರಲಿಲ್ಲ. ಬೋರಿನ ಮೈ ಉಜ್ಜಿ ಹದಮಾಡುವ ಹೋನಿಂಗ್ ಮಾಡಿಸಿ, ಪಿಸ್ಟನ್ ಮತ್ತು ರಿಂಗ್ ಹೊಸದು ಹಾಕಿದೆ. ಟ್ಯಾಪೆಟ್ ಸೆಟ್ ಮಾಡಿದೆ.

ಈ ಪ್ರಕರಣ ಆದ ಮೇಲೆ ನಾನು ಎರಡು ಅಭ್ಯಾಸ ಬದಲಿಸಿದೆ. ಹೀಟ್ ದೂರು ಬಂದರೆ ಪಾನಾ ಹಿಡಿಯುವ ಮುಂಚೆ, ಇಂಜಿನ್ ಎಲ್ಲಿ ಕೂತಿದೆ ಅಂತ ಮೊಬೈಲಿನಲ್ಲಿ ಫೋಟೋ ತರಿಸಿಕೊಳ್ಳುತ್ತೇನೆ. ಅದೊಂದರಿಂದಲೇ ಎಷ್ಟೋ ಓಡಾಟ ಉಳಿದಿದೆ. ಇನ್ನು ಲೋಡ್ ಇಲ್ಲದೆ ಓಡಿಸಿ "ಸರಿಯಾಯ್ತು" ಅಂತ ಹೇಳುವುದನ್ನು ಬಿಟ್ಟೆ. ಅಂಗಡಿ ಹಿಂದೆ ಹಳೇ ಎಚ್‌ಟಿಪಿ ಪಂಪ್ ಒಂದನ್ನು ಕೂರಿಸಿದ್ದೇನೆ, ಬಂದ ಇಂಜಿನ್‌ಗೆಲ್ಲ ಬೆಲ್ಟ್ ಹಾಕಿ ಬಾವಿ ನೀರು ಹೊಡೆಸಿಯೇ ಕಳಿಸುವುದು. ಮೊದಲ ಮೆಕ್ಯಾನಿಕ್ ಮೇಲೆ ನನಗೆ ಸಿಟ್ಟೇನಿಲ್ಲ. ಬಿಸಿಯಾದರೆ ಅಂಗಿ ಬಿಚ್ಚುವುದು ಮನುಷ್ಯರ ಬುದ್ಧಿ, ಅದನ್ನೇ ಇಂಜಿನ್‌ಗೂ ಮಾಡಿದರು. ಅವರ ಡಬ್ಬಿಯಲ್ಲಿ ಅಂಥ ಅಡಿ ತಗಡು ಏಳು ಇತ್ತು. ಕೇಳಿ ತಂದಿದ್ದೇನೆ, ಒಂದೊಂದಾಗಿ ಬೇರೆ ಬೇರೆ ಇಂಜಿನ್‌ಗೆ ವಾಪಸ್ ಹೋಗುತ್ತಿವೆ.

ಯಜಮಾನರು ಬಿದಿರಿನ ಸೀಳೊಂದನ್ನು ದಾರ ಕಟ್ಟಿ ಫ್ರೇಮಿಗೇ ನೇತುಹಾಕಿದ್ದಾರೆ. ಈ ಮೇ ತಿಂಗಳಲ್ಲಿ ಕವರ್ ಬಿಚ್ಚಿ ನೋಡಿ ಫೋನ್ ಮಾಡಿದ್ದರು. ಹೆಡ್ಡಿನ ಸಂದಿಯಲ್ಲಿ ಕುಂಬಾರ ಹುಳುವಿನ ಮೂರು ಹೊಸ ಗೂಡು, ಒಂದರ ಮಣ್ಣು ಇನ್ನೂ ಹಸಿಯಿತ್ತಂತೆ.